ಕಣ್ಣಾರೆ ಕಂಡದ್ದು ಯಾವುದು? ಉಡುಪಿಯ ಕೋಣೆಯೊಂದರಲ್ಲಿ ‘ಜೆಎಫ್‌ಕೆ’ ವಿಮರ್ಶೆಯ ಪ್ರಕರಣ

“ಮೇಡಂ, ಆ ಅಮೆರಿಕದ ಸಂಪಾದಕರು ಮಾಡಿದ್ದೂ ಇದನ್ನೇ ಅಲ್ವಾ?”

ಕೊನೆಯ ವರ್ಷದ ಬಿಎ ಓದುವ ಹುಡುಗಿ ಹೀಗೆ ಕೇಳಿದಾಗ ನನ್ನ ಕೈಯಲ್ಲಿ ಅವಳದೇ ಬರಹ ಇತ್ತು. ಎರಡು ಪುಟ, ನೀಲಿ ಶಾಯಿ. ನಮ್ಮ ಸಿನಿಮಾ ಕೂಟದ ಈ ತಿಂಗಳ ಹಾಳೆಗೆ ಇದನ್ನು ಹಾಕುವುದಿಲ್ಲ ಎಂದು ನಾನು ಆಗಷ್ಟೇ ಹೇಳಿದ್ದೆ. ಅವಳು ಸಿಟ್ಟಾಗಲಿಲ್ಲ. ಉತ್ತರ ಬೇಕೇ ಬೇಕು ಎಂಬ ಹಾಗೆ ನನ್ನ ಮುಖ ನೋಡುತ್ತಾ ನಿಂತಳು. ನನಗೆ ಕೂಡಲೇ ಏನೂ ಹೊಳೆಯಲಿಲ್ಲ. ಈ ಪ್ರಕರಣವನ್ನು ಮೊದಲಿನಿಂದ ಬರೆದಿಡಲು ಕಾರಣ ಆ ಪ್ರಶ್ನೆಯೇ.

ಕೋಣೆ ಮತ್ತು ಸಿನಿಮಾ

ಉಡುಪಿಯ ಅಜ್ಜರಕಾಡಿನ ಹತ್ತಿರ ಗೆಳತಿಯೊಬ್ಬರ ಮನೆಯ ಮಾಳಿಗೆಯಲ್ಲಿ ನಾವು ತಿಂಗಳಿಗೊಂದು ಸಿನಿಮಾ ನೋಡುತ್ತೇವೆ. ಇಪ್ಪತ್ತರಷ್ಟು ಜನ. ಅರ್ಧದಷ್ಟು ಕಾಲೇಜು ಮಕ್ಕಳು. ಉಳಿದವರಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಇಬ್ಬರು, ಒಬ್ಬ ನರ್ಸ್, ನಲವತ್ತು ವರ್ಷ ಕೋರ್ಟಿಗೆ ಹೋಗಿ ಬಂದ ಒಬ್ಬ ಹಿರಿಯ ವಕೀಲರು. ನಾನು ಕನ್ನಡ ಪಾಠ ಮಾಡುವವಳು. ಸಿನಿಮಾ ಮುಗಿದ ಮೇಲೆ ಚಹಾ, ಗೋಳಿಬಜೆ, ಮಾತು. ಬರೆಯಬೇಕು ಅನ್ನಿಸಿದವರು ಬರೆದು ಕೊಡುತ್ತಾರೆ. ನಾನು ಅದನ್ನೆಲ್ಲ ನೋಡಿ, ತಿದ್ದಿ, ನಾಲ್ಕು ಪುಟದ ಹಾಳೆ ಮಾಡಿ, ಅರವತ್ತು ಜೆರಾಕ್ಸ್ ತೆಗೆಸಿ ಹಂಚುತ್ತೇನೆ. ಸಣ್ಣ ಹಾಳೆ. ಆದರೆ ಮೊದಲ ಸಲ ತಮ್ಮ ಹೆಸರನ್ನು ಅಚ್ಚಿನಲ್ಲಿ ನೋಡುವ ಮಕ್ಕಳಿಗೆ ಅದು ಸಣ್ಣದಲ್ಲ.

ಸಂಚಿನ ಸಿನಿಮಾ ಒಂದನ್ನು ನೋಡೋಣ ಎಂದವರು ಮಕ್ಕಳೇ. ಅವರ ಫೋನಿಗೆ ದಿನಾ ಬರುವ ವೀಡಿಯೊಗಳಲ್ಲಿ ಎಷ್ಟೋ ‘ಯಾರೂ ಹೇಳದ ಸತ್ಯ’ ಎಂಬ ತಲೆಬರಹದವು. ನಮ್ಮ ದೇಶದ ಹೊಸ ಸಿನಿಮಾ ಹಾಕಿದರೆ ಮಾತು ಐದು ನಿಮಿಷದಲ್ಲಿ ಪಕ್ಷಗಳ ಮೇಲೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಅದಕ್ಕೆ ದೂರದ, ಹಳೆಯ, ದಾಖಲೆ ಜಾಸ್ತಿ ಇರುವ ಒಂದನ್ನು ಆರಿಸಿದೆ. ಆಲಿವರ್ ಸ್ಟೋನ್ ನಿರ್ದೇಶಿಸಿದ ‘ಜೆಎಫ್‌ಕೆ’. ಅಮೆರಿಕದಲ್ಲಿ 1991ರ ಡಿಸೆಂಬರ್ 20ರಂದು ಬಿಡುಗಡೆಯಾದದ್ದು. 189 ನಿಮಿಷ. ಜುಲೈ ಮಳೆಯಲ್ಲಿ ಒಂದೇ ಕೂರಿಕೆಯಲ್ಲಿ ಮುಗಿಯುವುದಿಲ್ಲ ಎಂದು ಎರಡು ಶನಿವಾರಗಳಿಗೆ ಹಂಚಿದೆವು.

ಕತೆ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ 1963ರ ನವೆಂಬರ್ 22ರಂದು ಡಲ್ಲಾಸ್ ನಗರದಲ್ಲಿ ತೆರೆದ ಕಾರಿನಲ್ಲಿ ಹೋಗುತ್ತಿದ್ದಾಗ ಗುಂಡೇಟಿಗೆ ಸತ್ತರು. ಲೀ ಹಾರ್ವೀ ಓಸ್ವಾಲ್ಡ್ ಎಂಬವನನ್ನು ಅದೇ ದಿನ ಹಿಡಿದರು. ಎರಡು ದಿನ ಬಿಟ್ಟು, ಪೊಲೀಸರ ನಡುವೆಯೇ, ಜ್ಯಾಕ್ ರೂಬಿ ಎಂಬವನು ಅವನನ್ನು ಗುಂಡಿಟ್ಟು ಕೊಂದ. ಹಾಗಾಗಿ ಓಸ್ವಾಲ್ಡ್ ಮೇಲೆ ವಿಚಾರಣೆಯೇ ನಡೆಯಲಿಲ್ಲ. ಕೊಲೆಯ ತನಿಖೆಗೆ ಅರ್ಲ್ ವಾರನ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ವಾರನ್ ಆಯೋಗ 1964ರಲ್ಲಿ 888 ಪುಟಗಳ ವರದಿ ಕೊಟ್ಟು, ಓಸ್ವಾಲ್ಡ್ ಒಬ್ಬನೇ ಕೊಂದದ್ದು ಎಂದಿತು. ನ್ಯೂ ಓರ್ಲಿಯನ್ಸ್‌ನ ಜಿಲ್ಲಾ ಅಟಾರ್ನಿ ಜಿಮ್ ಗ್ಯಾರಿಸನ್ ಇದನ್ನು ಒಪ್ಪದೆ, 1967ರಲ್ಲಿ ಕ್ಲೇ ಶಾ ಎಂಬ ಅಲ್ಲಿನ ವ್ಯಾಪಾರಿಯನ್ನು ಸಂಚಿನ ಆರೋಪದ ಮೇಲೆ ಬಂಧಿಸಿದರು. 1969ರಲ್ಲಿ ತೀರ್ಪುಗಾರರು ಒಂದು ಗಂಟೆಯೊಳಗೆ ಶಾ ನಿರ್ದೋಷಿ ಎಂದರು. ಆ ಕೊಲೆಯ ವಿಷಯದಲ್ಲಿ ಕೋರ್ಟಿನಲ್ಲಿ ಸಂಚಿನ ವಿಚಾರಣೆ ಎದುರಿಸಿದ ಒಬ್ಬನೇ ಮನುಷ್ಯ ಅವರು. ಸ್ಟೋನ್ ಅವರ ಸಿನಿಮಾ ಗ್ಯಾರಿಸನ್ ಅವರನ್ನು ನಾಯಕನನ್ನಾಗಿ ಮಾಡಿ, ಸೇನೆ, ಗುಪ್ತಚರ ಸಂಸ್ಥೆ, ಅಧಿಕಾರದ ಮೇಲುಗಡೆಯವರು ಸೇರಿ ನಡೆಸಿದ ಸಂಚು ಇದು ಎಂದು ವಾದಿಸುತ್ತದೆ. ಕೆವಿನ್ ಕಾಸ್ಟ್ನರ್ ಗ್ಯಾರಿಸನ್ ಆಗಿದ್ದಾರೆ. ನಿಜವಾದ ಗ್ಯಾರಿಸನ್ ಇದೇ ಸಿನಿಮಾದಲ್ಲಿ ತಮ್ಮ ಎದುರಾಳಿ ಅರ್ಲ್ ವಾರನ್ ಪಾತ್ರದಲ್ಲಿ ಬಂದುಹೋಗುತ್ತಾರೆ!

1991ರಲ್ಲಿ ಏನಾಯಿತು

ಸಿನಿಮಾ ನೋಡುವ ಮೊದಲೇ ಅದರ ವಿಮರ್ಶೆಗಳ ಕತೆಯನ್ನು ಮಕ್ಕಳಿಗೆ ಹೇಳಿದ್ದೆ. ಹೇಳಬಾರದಿತ್ತೋ ಏನೋ. ಆದರೆ ಆ ಕತೆ ಸಿನಿಮಾದಷ್ಟೇ ಗಟ್ಟಿಯಾದದ್ದು.

ಜಗಳ ಶುರುವಾದದ್ದು ಚಿತ್ರೀಕರಣ ನಡೆಯುತ್ತಿರುವಾಗ. 1991ರ ಮೇ 19ರಂದು ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯಲ್ಲಿ ಜಾರ್ಜ್ ಲಾರ್ಡ್ನರ್ ದೊಡ್ಡ ಲೇಖನ ಬರೆದರು. ಅವರ ಕೈಗೆ ಚಿತ್ರಕತೆಯ ಮೊದಲ ಕರಡು ಸಿಕ್ಕಿತ್ತು. ಅದನ್ನಿಟ್ಟುಕೊಂಡು, ಇಲ್ಲಿ ಇದು ತಪ್ಪು, ಅಲ್ಲಿ ಅದು ತಪ್ಪು ಎಂದು ಪಟ್ಟಿ ಮಾಡಿದರು. ಕರಡು ಆಮೇಲೆ ಬದಲಾಗಿದೆ, ನೋಡದ ಸಿನಿಮಾವನ್ನು ಹೀಗೆ ಬೈಯುವುದು ಸರಿಯಲ್ಲ ಎಂದು ಸ್ಟೋನ್ ಉತ್ತರ ಕೊಟ್ಟರು. ಇಬ್ಬರ ಮಾತಿನಲ್ಲೂ ಹುರುಳಿತ್ತು. ಲಾರ್ಡ್ನರ್ ಸುಮ್ನೆ ಹೊರಗಿನಿಂದ ಮಾತಾಡಿದವರಲ್ಲ. ಗ್ಯಾರಿಸನ್ ಶಂಕಿಸಿದ್ದ ಡೇವಿಡ್ ಫೆರಿ 1967ರ ಫೆಬ್ರವರಿಯಲ್ಲಿ ಸತ್ತಾಗ, ಅದಕ್ಕೆ ಮುಂಚಿನ ರಾತ್ರಿ ಆತನನ್ನು ಸಂದರ್ಶಿಸಿದ ಪತ್ರಕರ್ತ ಇವರೇ.

ಈ ವಿಷಯ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಸಿನಿಮಾವನ್ನು ಕಟುವಾಗಿ ಟೀಕಿಸಿದವರಲ್ಲಿ ಎಷ್ಟು ಜನ ಆ ದಿನದ ಸಾಕ್ಷಿಗಳೇ ಆಗಿದ್ದರು ನೋಡಿ. ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಸಿನಿಮಾವನ್ನು ತರಾಟೆಗೆ ತೆಗೆದುಕೊಂಡ ಟಾಮ್ ವಿಕರ್, ಕೆನಡಿಯ ವಾಹನಗಳ ಸಾಲಿನಲ್ಲೇ ವರದಿಗಾರರಾಗಿ ಇದ್ದವರು. ವಾಲ್ಟರ್ ಕ್ರಾಂಕೈಟ್ ಕೆನಡಿ ಸತ್ತ ಸುದ್ದಿಯನ್ನು ಟಿವಿಯಲ್ಲಿ ಇಡೀ ದೇಶಕ್ಕೆ ಓದಿದವರು. ಚಿತ್ರೋದ್ಯಮದ ಸಂಘಟನೆಯ ಮುಖ್ಯಸ್ಥರಾಗಿದ್ದ ಜ್ಯಾಕ್ ವಲೆಂಟಿ 1992ರ ಏಪ್ರಿಲ್‌ನಲ್ಲಿ ಈ ಸಿನಿಮಾವನ್ನು ನಾಜಿಗಳ ಪ್ರಚಾರ ಚಿತ್ರಕ್ಕೆ ಹೋಲಿಸಿದರು. ಅವರು ಮೊದಲು, ಕೆನಡಿಯ ನಂತರ ಅಧ್ಯಕ್ಷರಾದ ಲಿಂಡನ್ ಜಾನ್ಸನ್ ಅವರ ಸಹಾಯಕ. ಕೆನಡಿ ಸತ್ತ ದಿನ ವಿಮಾನದೊಳಗೆ ಜಾನ್ಸನ್ ಪ್ರಮಾಣ ವಚನ ತೆಗೆದುಕೊಳ್ಳುವ ಆ ಪ್ರಸಿದ್ಧ ಫೋಟೋದಲ್ಲಿ ವಲೆಂಟಿಯೂ ಇದ್ದಾರೆ. ಸಿನಿಮಾ ಬೆರಳು ತೋರಿಸಿದ್ದು ಜಾನ್ಸನ್ ಕಡೆಗೆ, ಸರಿಯಾಗಿ ಕೇಳದೆ ಮಲಗಿದ ಪತ್ರಿಕೆಗಳ ಕಡೆಗೆ. ಅಂದರೆ ಆರೋಪ ಹೊತ್ತವರೇ ವಿಮರ್ಶೆಯನ್ನೂ ಬರೆಯಬೇಕಾಯಿತು. ಅವರು ಹೇಳಿದ್ದು ಸುಳ್ಳು ಎಂದು ಇದರ ಅರ್ಥವಲ್ಲ, ಅವರಿಗೆ ಗೊತ್ತಿದ್ದದ್ದು ಬಹಳ. ಆದರೆ ಅವರ ದನಿ ಯಾಕೆ ಅಷ್ಟು ಏರಿತು ಎಂದು ಇದರಿಂದ ಗೊತ್ತಾಗುತ್ತದೆ.

ಬಿಡುಗಡೆಯ ವಾರ ‘ನ್ಯೂಸ್‌ವೀಕ್’ ತನ್ನ ಮುಖಪುಟದಲ್ಲೇ ಈ ಸಿನಿಮಾವನ್ನು ನಂಬಬೇಡಿ ಎಂದು ಬರೆಯಿತು. ಇತ್ತ ಷಿಕಾಗೋದ ರೋಜರ್ ಈಬರ್ಟ್ ನಾಲ್ಕಕ್ಕೆ ನಾಲ್ಕು ನಕ್ಷತ್ರ ಕೊಟ್ಟು, ಆ ವರ್ಷದ ಅತ್ಯುತ್ತಮ ಸಿನಿಮಾ ಎಂದು ಆರಿಸಿದರು. ಕ್ರಾಂಕೈಟ್ ತಮಗೆ ಸಿಕ್ಕಿ, ಇದನ್ನು ಹೊಗಳಿದ್ದಕ್ಕೆ ಚೆನ್ನಾಗಿ ಬೈದರು ಎಂದು ಈಬರ್ಟ್ ಆಮೇಲೆ ಬರೆದುಕೊಂಡಿದ್ದಾರೆ. ಈಬರ್ಟ್ ಅವರ ವಾದ ಸರಳ: ಸತ್ಯಾಂಶ ಹುಡುಕುವ ಜಾಗ ಪುಸ್ತಕ, ಪತ್ರಿಕೆ, ಸಿನಿಮಾ ಇರುವುದು ಭಾವನೆಗೆ. ಕೆನಡಿ ಸತ್ತ ಮೇಲೆ ಆ ದೇಶದ ಎದೆಯಲ್ಲಿ ಉಳಿದ ಸಂಶಯವನ್ನು, ಸಿಟ್ಟನ್ನು ಇದು ಸರಿಯಾಗಿ ಹಿಡಿದಿದೆ ಎಂಬುದು ಅವರ ಮೆಚ್ಚುಗೆ.

ಇನ್ನೊಂದು ಘಟನೆಯೇ ನಮ್ಮ ಹುಡುಗಿಯ ಮನಸ್ಸಿನಲ್ಲಿ ಉಳಿದದ್ದು. ‘ವಾಷಿಂಗ್ಟೋನಿಯನ್’ ಎಂಬ ಮಾಸಪತ್ರಿಕೆಗೆ ಪ್ಯಾಟ್ ಡೊವೆಲ್ ಸಿನಿಮಾ ವಿಮರ್ಶೆ ಬರೆಯುತ್ತಿದ್ದರು. ‘ಜೆಎಫ್‌ಕೆ’ಯನ್ನು ಮೆಚ್ಚಿ ಕೆಲವೇ ಸಾಲು ಬರೆದರು. ಸಂಪಾದಕರು ಅದನ್ನು ಹಾಕಲು ಒಪ್ಪಲಿಲ್ಲ. ಡೊವೆಲ್ ಕೆಲಸ ಬಿಟ್ಟರು.

ಎರಡು ಬರಹ

ಎರಡನೇ ಶನಿವಾರ ಸಿನಿಮಾ ಮುಗಿದಾಗ ಕೋಣೆಯಲ್ಲಿ ಯಾರೂ ಏಳಲಿಲ್ಲ. ಹಂಚಿನ ಮೇಲೆ ಮಳೆಯ ಸದ್ದು ಮಾತ್ರ. ಚಹಾ ಆರಿತು. ಕೊನೆಯ ಕೋರ್ಟಿನ ದೃಶ್ಯದಲ್ಲಿ ಕಾಸ್ಟ್ನರ್ ಗಂಟಲು ಕಟ್ಟಿಕೊಂಡು ಮಾತಾಡುವುದನ್ನು ಕೇಳಿ ನರ್ಸ್ ಕಣ್ಣೊರೆಸಿಕೊಂಡರು. ಆ ಸಿನಿಮಾಕ್ಕೆ ಆ ಶಕ್ತಿ ಉಂಟು. ಅದನ್ನು ಮೊದಲು ಒಪ್ಪಿಕೊಳ್ಳಬೇಕು.

ಒಂದು ವಾರದಲ್ಲಿ ಎರಡು ಬರಹ ಬಂದವು.

ವಕೀಲರದ್ದು ಅರ್ಧ ಪುಟ. “ಮೂರು ಗಂಟೆಯ ಸುಳ್ಳು. ಯಾವ ಆಧಾರವೂ ಇಲ್ಲ. ನಿರ್ದೋಷಿ ಎಂದು ತೀರ್ಪಾದ ಮನುಷ್ಯನನ್ನು ಸತ್ತ ಮೇಲೆ ಮತ್ತೆ ಕಟಕಟೆಗೆ ಹತ್ತಿಸಿದ್ದಾರೆ” ಎಂದು ಶುರುವಾಗಿ ಅದೇ ಬಿಗಿಯಲ್ಲಿ ಮುಗಿದಿತ್ತು. ಕ್ಯಾಮರಾ, ಸಂಕಲನ, ನಟನೆ, ಸಂಗೀತ ಯಾವುದರ ಬಗ್ಗೆಯೂ ಒಂದು ಸಾಲಿಲ್ಲ.

ಹುಡುಗಿಯದ್ದು ತದ್ವಿರುದ್ಧ. ಸಂಕಲನದ ಬಗ್ಗೆ ಅವಳು ಬರೆದದ್ದು ನಿಜಕ್ಕೂ ಚೆನ್ನಾಗಿತ್ತು. ನೆನಪು ಬರುವ ಹಾಗೆ ಚಿತ್ರಗಳು ಬರುತ್ತವೆ, ಒಂದು ಮುಗಿಯುವ ಮೊದಲೇ ಇನ್ನೊಂದು, ನಮಗೆ ಉಸಿರಾಡಲು ಬಿಡುವುದಿಲ್ಲ ಎಂದು ಬರೆದಿದ್ದಳು. ಜೋ ಹಟ್ಶಿಂಗ್ ಮತ್ತು ಪಿಯೆತ್ರೊ ಸ್ಕಾಲಿಯಾ ಅವರ ಸಂಕಲನಕ್ಕೆ, ರಾಬರ್ಟ್ ರಿಚರ್ಡ್‌ಸನ್ ಅವರ ಛಾಯಾಗ್ರಹಣಕ್ಕೆ ಆಸ್ಕರ್ ಬಂದದ್ದು ಯಾಕೆ ಎಂದು ಅವಳ ಆ ಒಂದು ಪ್ಯಾರಾ ಓದಿದರೆ ಸಾಕು, ತಿಳಿಯುತ್ತದೆ. ಆದರೆ ಮುಂದಿನ ಪುಟದಲ್ಲಿ ಹೀಗಿತ್ತು: “ಓಸ್ವಾಲ್ಡ್ ಕೋವಿ ಹಿಡಿದ ಫೋಟೋವನ್ನು ಹೇಗೆ ಕತ್ತರಿಸಿ ಅಂಟಿಸಿ ತಯಾರಿಸಿದರು ಎಂಬುದನ್ನು ನಾವು ಕಣ್ಣಾರೆ ನೋಡುತ್ತೇವೆ.” ಅದರ ಕೆಳಗೆ: “ಫೆರಿ ತಾನೇ ಎಲ್ಲವನ್ನೂ ಒಪ್ಪಿಕೊಂಡ ಮೇಲೂ ಕೋರ್ಟು ಶಾ ಅವರನ್ನು ಬಿಟ್ಟುಬಿಟ್ಟಿತು.”

ಇಲ್ಲಿ ನಾನು ತಪ್ಪಿದೆ. ವಕೀಲರ ಬರಹವನ್ನು ಕಣ್ಣುಮುಚ್ಚಿ ಹಾಳೆಗೆ ತೆಗೆದುಕೊಂಡೆ, ಹಿರಿಯರು, ಕಾನೂನು ಬಲ್ಲವರು ಎಂದು. ಹುಡುಗಿಯದ್ದನ್ನು ಇಡಿಯಾಗಿ ಪಕ್ಕಕ್ಕಿಟ್ಟೆ. ಅದರಲ್ಲಿ ತಪ್ಪು ಇದೆ ಎಂದೆ. ಯಾವ ತಪ್ಪು, ಎಲ್ಲಿ ಎಂದು ಹೇಳುವ ತಾಳ್ಮೆ ಆಗ ನನ್ನಲ್ಲಿರಲಿಲ್ಲ. ಆಗ ಬಂದದ್ದು ಮೇಲಿನ ಪ್ರಶ್ನೆ.

ಮನೆಗೆ ಹೋಗಿ ಯೋಚಿಸಿದಾಗ ವ್ಯತ್ಯಾಸ ಸ್ವಲ್ಪ ಸ್ವಲ್ಪ ತಿಳಿಯಿತು. ಡೊವೆಲ್ ಕಳೆದುಕೊಂಡದ್ದು ಒಂದು ಅಭಿಪ್ರಾಯವನ್ನು ಹೇಳುವ ಹಕ್ಕನ್ನು. ಈ ಸಿನಿಮಾ ಒಳ್ಳೆಯದು ಎನ್ನುವುದಕ್ಕೆ ಯಾರ ಅಪ್ಪಣೆಯೂ ಬೇಡ. ನಮ್ಮ ಹುಡುಗಿಯ ಎರಡು ಪುಟದಲ್ಲಿ ಅಂಥ ಅಭಿಪ್ರಾಯವೂ ಇತ್ತು, ಹೀಗೆ ನಡೆಯಿತು ಎಂಬ ಹೇಳಿಕೆಯೂ ಇತ್ತು. ಹೇಳಿಕೆಗೆ ಆಧಾರ ಕೇಳುವುದು ಸಂಪಾದಕಿಯ ಕೆಲಸ. ನಾನು ಆಧಾರ ಕೇಳುವ ನೆಪದಲ್ಲಿ ಅವಳ ಮೆಚ್ಚುಗೆಯನ್ನೂ ಸೇರಿಸಿ ಮಡಚಿಟ್ಟಿದ್ದೆ. ಮರುದಿನ ಫೋನ್ ಮಾಡಿ, ಮುಂದಿನ ಭಾನುವಾರ ಮತ್ತೆ ಸೇರೋಣ, ನಿನಗೆ ಸಂಶಯ ಇರುವ ದೃಶ್ಯಗಳನ್ನೂ ನನಗೆ ಸಂಶಯ ಇರುವ ದೃಶ್ಯಗಳನ್ನೂ ನಿಲ್ಲಿಸಿ ನಿಲ್ಲಿಸಿ ನೋಡೋಣ ಎಂದೆ. ವಕೀಲರಿಗೂ ಹೇಳಿದೆ. “ಬರ್ತೇನೆ ಮಾರಾಯ್ರೆ, ಆದರೆ ನನ್ನ ಅಭಿಪ್ರಾಯ ಬದಲಾಗ್ಲಿಕ್ಕಿಲ್ಲ” ಎಂದರು.

ಹಿಡಿಸೂಡಿ ಕಡ್ಡಿ

ಮೊದಲು ನೋಡಿದ್ದು ಆರಂಭದ ಕೆಲವು ನಿಮಿಷ. ಅಧ್ಯಕ್ಷ ಐಸೆನ್‌ಹೋವರ್ 1961ರಲ್ಲಿ ಮಾಡಿದ ವಿದಾಯ ಭಾಷಣ, ಹಳೆಯ ಸುದ್ದಿಚಿತ್ರಗಳು, ಕೆನಡಿ ಕುಟುಂಬದ ತುಣುಕುಗಳು. ಇವೆಲ್ಲ ಅಸಲಿ. ಇವುಗಳ ನಡುವೆ ಒಬ್ಬ ಹೆಂಗಸನ್ನು ಕಾರಿನಿಂದ ರಸ್ತೆಗೆ ತಳ್ಳುವ ದೃಶ್ಯ ಬರುತ್ತದೆ. ಅದು ನಟಿಸಿದ್ದು. ಮೊದಲ ಸಲ ನೋಡಿದಾಗ ಅದನ್ನೂ ಸುದ್ದಿಚಿತ್ರ ಎಂದುಕೊಂಡವರು ಕೈ ಎತ್ತಿ ಎಂದೆ. ಏಳು ಕೈ ಮೇಲೆದ್ದವು.

ಸಿನಿಮಾದ ಉದ್ದಕ್ಕೂ ಸ್ಟೋನ್ ಇದನ್ನೇ ಮಾಡುತ್ತಾರೆ. 8 ಮಿ.ಮೀ., 16 ಮಿ.ಮೀ., 35 ಮಿ.ಮೀ. ರೀಲುಗಳು, ಕಪ್ಪುಬಿಳುಪು, ಬಣ್ಣ, ಎಲ್ಲ ಬೆರೆತು ಬರುತ್ತವೆ. ಒಬ್ಬ ಪಾತ್ರ “ಹೀಗಾಗಿರಬಹುದು” ಎಂದ ತಕ್ಷಣ ಅದು ಪರದೆಯ ಮೇಲೆ ಆಗಿಯೇ ಬಿಡುತ್ತದೆ. ಊಹೆಗೂ ದಾಖಲೆಗೂ ಒಂದೇ ಬಣ್ಣ.

ಆಮೇಲೆ ಫೋಟೋದ ದೃಶ್ಯ. ನಿಲ್ಲಿಸಿದೆವು. ಪರದೆಯ ಮೇಲೆ ಒಂದು ಕೈ, ಒಂದು ಕತ್ತರಿಸಿದ ಚಿತ್ರ. ಮುಖ ಕಾಣುವುದಿಲ್ಲ. ಯಾರ ಕೈ? ಯಾವಾಗ? ಎಲ್ಲಿ? ಸಿನಿಮಾ ಹೇಳುವುದಿಲ್ಲ. ಹೇಳಲು ಆಗುವುದೂ ಇಲ್ಲ, ಯಾಕೆಂದರೆ ಅಂಥ ಕೈ ಒಂದಿತ್ತು ಎಂಬುದೇ ಆರೋಪ. ಅಮೆರಿಕದ ಸಂಸತ್ತಿನ ಸಮಿತಿ 1970ರ ದಶಕದಲ್ಲಿ ತಜ್ಞರಿಂದ ಆ ಫೋಟೋಗಳನ್ನು ಪರೀಕ್ಷೆ ಮಾಡಿಸಿತ್ತು. ಅಂಟಿಸಿದ ಕುರುಹು ಸಿಗಲಿಲ್ಲ. ಹುಡುಗಿ ತನ್ನ ಬರಹ ತೆಗೆದು ‘ಕಣ್ಣಾರೆ’ ಎಂಬ ಶಬ್ದದ ಸುತ್ತ ಒಂದು ವೃತ್ತ ಹಾಕಿದಳು. ಯಾರೂ ಹೇಳದೆ ಅವಳೇ ಹಾಕಿದ್ದು. ಬ್ಯಾಂಕಿನವರೊಬ್ಬರು ಮೆಲ್ಲಗೆ, “ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಅಜ್ಜಿ ಹೇಳ್ತಿದ್ರು” ಎಂದರು.

ಫೆರಿ ಹೋಟೆಲ್ ಕೋಣೆಯಲ್ಲಿ ಎಲ್ಲವನ್ನೂ ಒಪ್ಪಿಕೊಳ್ಳುವ ದೃಶ್ಯ ಸಿನಿಮಾದ ಬೆನ್ನೆಲುಬು. ಜೋ ಪೆಸ್ಕಿ ಅಲ್ಲಿ ಬೆವರಿ, ಅತ್ತು, ನಮ್ಮನ್ನು ಅಲ್ಲಾಡಿಸುತ್ತಾರೆ. ನಿಜವಾದ ಫೆರಿ ಗ್ಯಾರಿಸನ್ ಮುಂದೆ ಹಾಗೆ ಒಪ್ಪಿಕೊಂಡಿರಲಿಲ್ಲ. ಕೆವಿನ್ ಬೇಕನ್ ನಟಿಸಿದ ಕೈದಿ ಓಕೀಫ್ ಎಂಬ ಮನುಷ್ಯ ಇರಲೇ ಇಲ್ಲ. ಹಲವರನ್ನು ಸೇರಿಸಿ ಮಾಡಿದ ಪಾತ್ರ ಅದು. ನಿಜವಾದ ವಿಚಾರಣೆಯ ಮುಖ್ಯ ಸಾಕ್ಷಿ ಪೆರ್ರಿ ರುಸ್ಸೊ. ಅವನನ್ನು ಸಂಮೋಹನಕ್ಕೆ ಒಳಪಡಿಸಿ ಹೇಳಿಕೆ ತೆಗೆದುಕೊಂಡಿದ್ದರು. ತೀರ್ಪುಗಾರರು ಒಂದು ಗಂಟೆಯೊಳಗೆ ಎದ್ದು ಬಂದದ್ದರಲ್ಲಿ ಆಶ್ಚರ್ಯ ಇಲ್ಲ. ಸಿನಿಮಾದಲ್ಲಿ ರುಸ್ಸೊ ಎಂಬ ಪಾತ್ರ ಇಲ್ಲ, ಸಂಮೋಹನವೂ ಇಲ್ಲ. ಇದನ್ನು ಕೇಳಿದಾಗ ಹುಡುಗಿಯ ಮುಖ ಸಪ್ಪಗಾಯಿತು. “ಇಷ್ಟನ್ನು ಬಿಟ್ಟದ್ದು ಯಾಕೆ ಮೇಡಂ? ಇಟ್ಟಿದ್ದರೂ ಸಿನಿಮಾ ಗಟ್ಟಿಯೇ ಇರ್ತಿತ್ತು” ಎಂದಳು. ನನಗೂ ಹಾಗೇ ಅನ್ನಿಸುತ್ತದೆ.

ಕೊನೆಗೆ ಕೋರ್ಟಿನ ಆ ಪ್ರಸಿದ್ಧ ದೃಶ್ಯ. ಒಂದೇ ಗುಂಡು ಕೆನಡಿಯನ್ನೂ ಮುಂದೆ ಕೂತಿದ್ದ ಗವರ್ನರ್ ಕಾನಲಿಯನ್ನೂ ಹೊಕ್ಕು ಹೊರಬಂತು ಎಂದು ವಾರನ್ ಆಯೋಗ ಹೇಳಿತ್ತು. ಗ್ಯಾರಿಸನ್ ಇಬ್ಬರನ್ನು ಒಬ್ಬರ ಹಿಂದೆ ಒಬ್ಬರು ಕೂರಿಸಿ, ಆ ಗುಂಡು ಗಾಳಿಯಲ್ಲಿ ಎಡಕ್ಕೆ ಬಲಕ್ಕೆ ತಿರುಗಿರಬೇಕಾಗುತ್ತದೆ ಎಂದು ತೋರಿಸುತ್ತಾರೆ. ನಮ್ಮ ಹುಡುಗರಿಗೆ ಇದನ್ನು ಮಾಡಿ ನೋಡುವ ಹುಮ್ಮಸ್ಸು ಬಂತು. ಎರಡು ಪ್ಲಾಸ್ಟಿಕ್ ಕುರ್ಚಿ, ಇಬ್ಬರು ಹುಡುಗರು, ಮೂಲೆಯಲ್ಲಿದ್ದ ಹಿಡಿಸೂಡಿಯಿಂದ ಎಳೆದ ಒಂದು ಉದ್ದ ಕಡ್ಡಿ. ಸಿನಿಮಾದ ಹಾಗೆ ನೇರ ಸಾಲಿನಲ್ಲಿ, ಒಂದೇ ಎತ್ತರದಲ್ಲಿ ಕೂರಿಸಿದಾಗ ಕಡ್ಡಿ ಬಗ್ಗಲೇಬೇಕಾಯಿತು. ಎಲ್ಲರೂ ಹೋ ಎಂದರು.

ಆದರೆ ನಿಜವಾದ ಕಾರಿನಲ್ಲಿ ಕಾನಲಿ ಕೂತಿದ್ದ ಮಡಚುವ ಸೀಟು ಕೆನಡಿಯ ಸೀಟಿಗಿಂತ ಸ್ವಲ್ಪ ತಗ್ಗಿನಲ್ಲಿತ್ತು, ಬಾಗಿಲಿನಿಂದ ಒಳಕ್ಕೆ ಸರಿದಿತ್ತು. ಅವರು ಬಲಕ್ಕೆ ತಿರುಗಿಯೂ ಇದ್ದರು. ಮುಂದಿನ ಹುಡುಗನನ್ನು ಗಿಡ್ಡ ಸ್ಟೂಲಿನ ಮೇಲೆ ಕೂರಿಸಿ, ಒಂದು ಗೇಣು ಒಳಗೆ ಸರಿಸಿ, ಮೈ ತಿರುಗಿಸಿದೆವು. ಕಡ್ಡಿ ಬಗ್ಗದೆ ಹೋಯಿತು. ಕೋಣೆ ಒಮ್ಮೆ ಸುಮ್ಮನಾಯಿತು.

“ಇದರಿಂದ ಓಸ್ವಾಲ್ಡ್ ಒಬ್ಬನೇ ಅಂತ ಸಾಬೀತಾಗ್ಲಿಲ್ಲ” ಎಂದರು ವಕೀಲರು, ಎಲ್ಲರಿಗಿಂತ ಮೊದಲು. “ಕುರ್ಚಿ ಇಟ್ಟದ್ದು ತಪ್ಪು ಅಂತ ಮಾತ್ರ ಸಾಬೀತಾಯ್ತು. ಅಷ್ಟೇ ಬರೀಬೇಕು.” ಆ ಮಾತಿಗೆ ನಾನು ಅವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಎದುರಿನ ಅರ್ಥಧಾರಿ

ಹುಡುಗರಲ್ಲಿ ಒಬ್ಬ ಕೇಳಿದ: “ಆದರೆ ಸರ್, ಆ ಮಾತು ಕೇಳುವಾಗ ಪೂರಾ ನಂಬಿಕೆ ಬರ್ತದಲ್ಲ? ಅದು ಹೇಗೆ?”

ವಕೀಲರು ಕನ್ನಡಕ ತೆಗೆದರು. ಅವರು ಮಳೆಗಾಲದ ತಾಳಮದ್ದಳೆಗಳನ್ನು ಒಂದೂ ಬಿಡದೆ ಕೇಳುವವರು. “ವಾಲಿಯ ಅರ್ಥ ಕೇಳಿದ್ದೀಯಾ? ಒಳ್ಳೆ ಅರ್ಥಧಾರಿ ಆದ್ರೆ ರಾಮನೇ ತಪ್ಪು ಮಾಡಿದ್ದು ಅಂತ ನಿನಗೆ ಅನ್ನಿಸ್ಲೇಬೇಕು. ಮರೆಯಲ್ಲಿ ನಿಂತು ಬಾಣ ಬಿಟ್ಟವನಲ್ವಾ? ಅರ್ಧ ಗಂಟೆ ವಾಲಿ ಮಾತಾಡಿದ ಮೇಲೆ ಸಭೆ ಇಡೀ ವಾಲಿಯ ಕಡೆ. ಆದರೆ ಎದುರು ರಾಮ ಕೂತಿರ್ತಾನೆ. ಅವ ಉತ್ತರ ಕೊಡ್ತಾನೆ. ಮುಂದಿನ ವಾರ ಅದೇ ಕಲಾವಿದರು ಅದಲುಬದಲಾಗಿ ಕೂರ್ತಾರೆ. ಈ ಸಿನಿಮಾದಲ್ಲಿ ಎದುರಿನ ಅರ್ಥಧಾರಿ ಇಲ್ಲ ಮಗಾ. ಕೋರ್ಟಿನ ಭಾಷೆಯಲ್ಲಿ ಹೇಳುವುದಾದ್ರೆ, ಪಾಟೀಸವಾಲು ಇಲ್ಲದ ಸಾಕ್ಷಿ.”

ಈ ಸಿನಿಮಾದ ಬಗ್ಗೆ ನಾನು ಓದಿದ ಯಾವ ವಿಮರ್ಶೆಯಲ್ಲೂ ಇಷ್ಟು ಸ್ಪಷ್ಟವಾದ ಮಾತು ಸಿಕ್ಕಿರಲಿಲ್ಲ. ಸಿನಿಮಾದಲ್ಲಿ ಶಾ ಪರವಾದ ವಕೀಲರ ವಾದ ನಮ್ಮ ಕಿವಿಗೆ ಬೀಳುವುದೇ ಕಡಿಮೆ. ಕರಾವಳಿಯ ಪ್ರೇಕ್ಷಕರಿಗೆ ಇದು ತಿಳಿಯಬೇಕಾದದ್ದೇ. ಮಾತು ಗೆದ್ದಿತು ಎಂದರೆ ನ್ಯಾಯವೂ ಗೆದ್ದಿತು ಎಂದು ನಾವು ಯಾವ ತಾಳಮದ್ದಳೆಯಿಂದಲೂ ಎದ್ದು ಹೋದವರಲ್ಲ. ಕರ್ಣನಿಗಾಗಿ ಅತ್ತು, ಮನೆಗೆ ಬರುವಾಗ ಕೃಷ್ಣ ಹೇಳಿದ್ದೂ ಸರಿ ಎಂದು ಮಾತಾಡಿಕೊಂಡು ಬಂದವರು. ಅದೇ ಕಿವಿಯನ್ನು ಸಿನಿಮಾಕ್ಕೂ ತರಬೇಕು.

ಈಬರ್ಟ್ ಅವರ ಮಾತಿಗೆ ನನ್ನ ತಕರಾರು ಇರುವುದೂ ಇಲ್ಲೇ. ಸಿನಿಮಾ ಭಾವನೆಗಾಗಿ ಎಂದು ನಾನೂ ಒಪ್ಪುತ್ತೇನೆ. ಆದರೆ ಇಲ್ಲಿ ಬರುವ ಕ್ಲೇ ಶಾ ಕತೆಯ ರಾಕ್ಷಸ ಅಲ್ಲ. ಹೆಸರು, ಊರು, ಮುಖ ಇದ್ದ ಮನುಷ್ಯ. ವಿಚಾರಣೆಯಲ್ಲಿ ಗೆದ್ದ ಐದು ವರ್ಷಕ್ಕೆ, 1974ರಲ್ಲಿ ಸತ್ತರು. 1991ರಲ್ಲಿ ಎದ್ದು ಬಂದು “ಇದು ಸುಳ್ಳು” ಎನ್ನಲು ಅವರಿಗೆ ಆಗುವುದಿಲ್ಲ. ನಿಜವಾದ ಹೆಸರು ಇಟ್ಟುಕೊಂಡ ಮೇಲೆ ಭಾವನೆ ಒಂದೇ ಸಾಕು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಆ ಕೆಲಸ ವಿಮರ್ಶಕರದ್ದೇ. ಪತ್ರಕರ್ತರಿಗೆ ಬಿಟ್ಟು ಕೈತೊಳೆದುಕೊಳ್ಳುವಂಥದ್ದಲ್ಲ.

ಹಾಗೆಂದು ಲಾರ್ಡ್ನರ್, ವಿಕರ್ ಅವರ ದಾರಿಯೂ ಪೂರ್ತಿ ಸಾಲದು. ತಪ್ಪುಗಳ ಪಟ್ಟಿ ಓದಿದವನಿಗೆ ಈ ಸಿನಿಮಾ ಯಾಕೆ ಜನರನ್ನು ಅಷ್ಟು ಹಿಡಿಯಿತು ಎಂದು ತಿಳಿಯುವುದಿಲ್ಲ. ಸುಮಾರು 4 ಕೋಟಿ ಡಾಲರ್ ಖರ್ಚಾದ ಸಿನಿಮಾ 20 ಕೋಟಿಗಿಂತ ಜಾಸ್ತಿ ಗಳಿಸಿತು. ಜನ ಮೋಸ ಹೋದರು ಎಂದು ಬರೆದು ಮುಗಿಸಬಹುದಾದ ವಿಷಯವೇ ಇದು? ಓಸ್ವಾಲ್ಡ್ ಕೋರ್ಟಿನಲ್ಲಿ ಬಾಯಿ ತೆರೆಯುವ ಮೊದಲೇ ಸತ್ತಿದ್ದ. ಝಪ್ರೂಡರ್ ಎಂಬವರು ತಮ್ಮ ಕ್ಯಾಮರಾದಲ್ಲಿ ತೆಗೆದ ಕೊಲೆಯ 26 ಸೆಕೆಂಡಿನ ರೀಲು ಅಮೆರಿಕದ ಟಿವಿಯಲ್ಲಿ ಎಲ್ಲರೂ ನೋಡುವ ಹಾಗೆ ಬಂದದ್ದು 1975ರಲ್ಲಿ, ಹನ್ನೊಂದು ವರ್ಷ ಕಳೆದ ಮೇಲೆ. 1979ರಲ್ಲಿ ಸಂಸತ್ತಿನ ಸಮಿತಿಯೇ, ಪೊಲೀಸ್ ರೇಡಿಯೊದ ಧ್ವನಿ ಮುದ್ರಿಕೆ ನೋಡಿ, ಸಂಚು ಇದ್ದಿರಬಹುದು ಎಂದಿತು. 1982ರಲ್ಲಿ ವಿಜ್ಞಾನಿಗಳ ಸಮಿತಿ ಆ ಧ್ವನಿಯ ಆಧಾರವನ್ನು ತಳ್ಳಿಹಾಕಿತು. ಇಷ್ಟೆಲ್ಲ ನಡೆದ ದೇಶದಲ್ಲಿ ಸಂಶಯ ಪಡುವುದು ಹುಚ್ಚಲ್ಲ. ಸ್ಟೋನ್ ಆ ಸಂಶಯದ ಮೇಲೆ ಬೇಕಾದ್ದನ್ನೆಲ್ಲ ಪೇರಿಸಿದರು, ಅದು ಬೇರೆ ಮಾತು. ಆದರೆ ಟೀಕೆಗೆ ಉತ್ತರವಾಗಿ 1992ರಲ್ಲಿ ಚಿತ್ರಕತೆಯನ್ನು 340 ಟಿಪ್ಪಣಿಗಳ ಜೊತೆ ಪುಸ್ತಕ ಮಾಡಿ, ತಮ್ಮನ್ನು ಬೈದ ಲೇಖನಗಳನ್ನೂ ಅದರಲ್ಲೇ ಹಾಕಿದರು. ಅದು ನನಗೆ ದೊಡ್ಡ ಕೆಲಸ ಎನಿಸುತ್ತದೆ. ಸಿನಿಮಾದೊಳಗೆ ಇಲ್ಲದ ಎದುರಿನ ಅರ್ಥಧಾರಿಯನ್ನು ಪುಸ್ತಕದಲ್ಲಾದರೂ ಕರೆದು ಕೂರಿಸಿದರು.

ತಿದ್ದಿದ್ದು

ಹುಡುಗಿ ಒಂದು ಪ್ರಶ್ನೆ ಉಳಿಸಿಕೊಂಡಿದ್ದಳು. “ಸಿನಿಮಾದ ಕೊನೆಯಲ್ಲಿ 2029ರವರೆಗೆ ಕಡತಗಳನ್ನು ಮುಚ್ಚಿಟ್ಟಿದ್ದಾರೆ ಅಂತ ಬರ್ತದಲ್ಲ, ಅದೂ ಸುಳ್ಳಾ?”

ಅದು ನಿಜ. ಸಂಸತ್ತಿನ ಸಮಿತಿಯ ಕಡತಗಳನ್ನು 2029ರವರೆಗೆ ಮುಚ್ಚಿಡಲಾಗಿತ್ತು. ಸಿನಿಮಾ ಎಬ್ಬಿಸಿದ ಗಲಾಟೆಯಿಂದಲೇ ಅಮೆರಿಕದ ಸಂಸತ್ತು 1992ರಲ್ಲಿ ಕಾಯ್ದೆ ಮಾಡಿ ದಾಖಲೆಗಳನ್ನು ತೆರೆಯಬೇಕೆಂದಿತು. ಅದಕ್ಕೆಂದು ಮಾಡಿದ ಮಂಡಳಿ 1994ರಿಂದ 1998ರವರೆಗೆ ಕೆಲಸ ಮಾಡಿತು. ಸಿನಿಮಾ ಬಹುಮಟ್ಟಿಗೆ ಕಾಲ್ಪನಿಕ, ಆದರೆ ಕೊನೆಯ ಬರಹದಲ್ಲಿ ಹೇಳಿದ ವಿಷಯ ನಿಜ ಎಂದು ಆ ಮಂಡಳಿಯ ವರದಿಯಲ್ಲೇ ಇದೆ. ಇವತ್ತು ಆ ಸಂಗ್ರಹದಲ್ಲಿ 50 ಲಕ್ಷಕ್ಕಿಂತ ಜಾಸ್ತಿ ಪುಟ ಉಂಟು. 2025ರ ಮಾರ್ಚ್‌ನಲ್ಲೂ ಒಂದು ದೊಡ್ಡ ಕಂತು ಹೊರಬಂತು. ಸ್ಟೋನ್ ಹೇಳಿದ ಸಂಚು ಅದರಲ್ಲಿ ಸಿಕ್ಕಲಿಲ್ಲ. ಗುಪ್ತಚರ ಸಂಸ್ಥೆಗಳು ಏನೇನು ಅಡಗಿಸಿಟ್ಟಿದ್ದವು ಎಂಬುದು ಮಾತ್ರ ಬಹಳ ಸಿಕ್ಕಿತು.

ಅವಳು ಬರಹವನ್ನು ಮತ್ತೆ ಬರೆದು ತಂದಳು. ಮೆಚ್ಚುಗೆಯ ಒಂದು ಅಕ್ಷರವನ್ನೂ ಕಡಿಮೆ ಮಾಡಿರಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ. ಬದಲಾದದ್ದು ಆರು ವಾಕ್ಯ. ಫೋಟೋದ ಜಾಗದಲ್ಲಿ ಈಗ ಹೀಗಿತ್ತು: “ಒಂದು ಕೈ ಫೋಟೋವನ್ನು ಕತ್ತರಿಸಿ ಅಂಟಿಸುತ್ತದೆ. ಮೊದಲ ಸಲ ಅದನ್ನು ನೋಡಿ, ಸಾಕ್ಷಿಯನ್ನೇ ಕಣ್ಣಾರೆ ಕಂಡೆ ಎಂದುಕೊಂಡೆ. ಆ ಕೈ ಸಿನಿಮಾದವರದ್ದೇ ಎಂದು ನನಗೆ ಹೊಳೆದದ್ದು ಎರಡನೇ ಸಲ. ಇಷ್ಟು ಚೆನ್ನಾಗಿ ನಂಬಿಸುವ ಸಿನಿಮಾವನ್ನು ನಾನು ನೋಡಿರಲಿಲ್ಲ. ಅದಕ್ಕೇ ನನಗೆ ಇದರ ಮೇಲೆ ಪ್ರೀತಿಯೂ ಉಂಟು, ಸ್ವಲ್ಪ ಸಿಟ್ಟೂ ಉಂಟು.”

ಇದನ್ನು ಓದಿ ಮುಗಿಸಿದಾಗ ವಕೀಲರು ತಮ್ಮ ಹಾಳೆಯನ್ನೂ ಕೊಡಿ ಎಂದರು. ಆ ಹೊತ್ತಿಗೆ ನಾವು ವಿಯೆಟ್ನಾಂ ಬಗ್ಗೆ ಮಾತಾಡುತ್ತಿದ್ದೆವು. ಕೆನಡಿ ಅಲ್ಲಿಂದ ಸೈನ್ಯ ವಾಪಸ್ ಕರೆಸಲು ಹೊರಟಿದ್ದರು ಎಂದು ಸಿನಿಮಾ ಹೇಳುತ್ತದೆ. ಅದಕ್ಕೆ ಒಂದು ದಾಖಲೆ ಇದ್ದೇ ಇದೆ: 1963ರ ಅಕ್ಟೋಬರ್ 11ರ ಭದ್ರತಾ ಆದೇಶ, ಸಂಖ್ಯೆ 263. ಆ ವರ್ಷದ ಕೊನೆಗೆ 1,000 ಸೈನಿಕರನ್ನು ಹಿಂದೆ ಕರೆಸುವ ಯೋಜನೆಗೆ ಅದರಲ್ಲಿ ಒಪ್ಪಿಗೆ ಇತ್ತು. ಕೆನಡಿ ಬದುಕಿದ್ದರೆ ಪೂರ್ತಿ ಹಿಂದೆ ಸರಿಯುತ್ತಿದ್ದರೇ ಎಂದು ಇತಿಹಾಸಕಾರರು ಈಗಲೂ ಜಗಳ ಮಾಡುತ್ತಾರೆ. ಕಾಗದ ಮಾತ್ರ ನಿಜವಾದದ್ದು.

ವಕೀಲರು ಪೆನ್ಸಿಲ್ ತೆಗೆದು “ಯಾವ ಆಧಾರವೂ ಇಲ್ಲ” ಎಂಬುದಕ್ಕೆ ಗೀಟು ಹಾಕಿದರು. ಮೇಲೆ ಸಣ್ಣದಾಗಿ “ಮುಖ್ಯವಾದ ಕಡೆಗಳಲ್ಲಿ ಆಧಾರವಿಲ್ಲ” ಎಂದು ಬರೆದರು. ಕ್ಲೇ ಶಾ ಬಗ್ಗೆ ಬರೆದದ್ದನ್ನು ಮುಟ್ಟಲಿಲ್ಲ. ಕೆಳಗೆ ಅರ್ಧ ಪುಟ ಖಾಲಿ ಉಳಿದಿತ್ತು. ಅದನ್ನೇ ಸ್ವಲ್ಪ ಹೊತ್ತು ನೋಡಿ, ಹುಡುಗಿಯ ಕಡೆ ತಿರುಗಿದರು.

“ಆ ಎಡಿಟಿಂಗ್ ವಿಷಯ ಇಲ್ಲಿ ಎಂತ ಬರೀಬೇಕು ಮಗಾ? ನನಗೆ ಆ ಶಬ್ದ ಎಲ್ಲ ಗೊತ್ತಿಲ್ಲ.”

ಅವಳು ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತಳು.